ಹಳೆಯ ಪರಸಿಯ ಮೇಲೆ ಲ್ಯಾಮಿನೇಟ್ ನೆಲಹಾಸು: ಸ್ವತಃ ಜೋಡಿಸುವ ವಿಧಾನ, ವೆಚ್ಚ ಮತ್ತು ಲೆಕ್ಕಪತ್ರ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಯ ರಸ್ತೆ ಕವಲೊಡೆಯುವ ಕುಳಗೇರಿ ಕ್ರಾಸಿನಲ್ಲಿ, ಉತ್ತರ ಕರ್ನಾಟಕದ ಇತರ ವ್ಯಾಪಾರಿ ಊರುಗಳಲ್ಲಿರುವಂತೆಯೇ, ಕೆಳಗೆ ಅಂಗಡಿ ಮತ್ತು ಮೇಲೆ ಮನೆ ಎಂಬ ಏರ್ಪಾಡು ಸಾಮಾನ್ಯವಾದುದು. ಇಳಕಲ್ಲಿನ ಗ್ರಾನೈಟು, ಬಾದಾಮಿಯ ಮರಳುಗಲ್ಲು, ಕಲಬುರಗಿ ಜಿಲ್ಲೆಯ ಶಹಾಬಾದಿನ ಪರಸಿ ಇವೆಲ್ಲ ಕೈಗೆಟುಕುವ ಪ್ರದೇಶದಲ್ಲಿ ಮರದ ಪುಡಿಯಿಂದ ತಯಾರಾದ ಹಲಗೆಯನ್ನು ನೆಲಕ್ಕೆ ಹಾಸುವ ವಿಚಾರವೇ ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೂ ಮೇಲಂತಸ್ತಿನ ಹಳೆಯ ನೆಲವನ್ನು ಕಡಿಮೆ ಖರ್ಚಿನಲ್ಲಿ ನವೀಕರಿಸಬಯಸುವ ವ್ಯಾಪಾರಿಗಳು ಲ್ಯಾಮಿನೇಟ್ ನೆಲಹಾಸಿನ ಬಗೆಗೆ ಎರಡು ಪ್ರಶ್ನೆಗಳನ್ನು ಮೇಲಿಂದ ಮೇಲೆ ಕೇಳುತ್ತಾರೆ. ಅದನ್ನು ನಾವೇ ಜೋಡಿಸಿಕೊಳ್ಳಬಹುದೇ? ಅದರ ಬಿಲ್ಲನ್ನು ಅಂಗಡಿಯ ಲೆಕ್ಕಕ್ಕೆ ಹಾಕಬಹುದೇ? ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ 'ಹೌದು'. ಎರಡನೆಯದಕ್ಕೆ ಬಹುಮಟ್ಟಿಗೆ 'ಇಲ್ಲ'. ಎರಡಕ್ಕೂ ಕಾರಣಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ವಸ್ತುವಿನ ಪರಿಚಯ

ಲ್ಯಾಮಿನೇಟ್ ಹಲಗೆಯು ಮರವಲ್ಲ. ಮರದ ನಾರನ್ನು ರಾಳದೊಡನೆ ಬೆರೆಸಿ, ಹೆಚ್ಚಿನ ಒತ್ತಡ ಹಾಗೂ ಶಾಖದಲ್ಲಿ ಅಚ್ಚೊತ್ತಿದ ಗಟ್ಟಿ ಹಲಗೆ ಅದರ ತಿರುಳು. ಅದರ ಮೇಲೆ ಮರದ ಚಿತ್ರವನ್ನು ಮುದ್ರಿಸಿದ ಕಾಗದ, ಕಾಗದದ ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಸೇರಿಸಿದ ಮೆಲಮೈನ್ ಪದರ, ತಳದಲ್ಲಿ ಹಲಗೆ ಬಾಗದಂತೆ ತಡೆಯುವ ಮತ್ತೊಂದು ಪದರ ಇರುತ್ತವೆ. ಸ್ವೀಡನ್ನಿನ ಪರ್‌ಸ್ಟಾರ್ಪ್ ಕಂಪನಿಯು 1977ರಲ್ಲಿ ಇದನ್ನು ರೂಪಿಸಿತು. ಅಂಟಿಲ್ಲದೆ ಒಂದು ಹಲಗೆಯನ್ನು ಇನ್ನೊಂದಕ್ಕೆ ಕಚ್ಚಿಸುವ ವಿಧಾನವು 1990ರ ದಶಕದ ಉತ್ತರಾರ್ಧದಲ್ಲಿ ಬಂದ ಮೇಲೆಯೇ ಸಾಮಾನ್ಯ ಗೃಹಸ್ಥನೂ ಇದನ್ನು ಸ್ವತಃ ಜೋಡಿಸುವುದು ಸಾಧ್ಯವಾಯಿತು.

ಕೊಳ್ಳುವಾಗ ಹಲಗೆಯ ದಪ್ಪದೊಡನೆ ಸವೆತದ ದರ್ಜೆಯನ್ನೂ ನೋಡಬೇಕು. ಪೆಟ್ಟಿಗೆಯ ಮೇಲೆ ಎಸಿ1ರಿಂದ ಎಸಿ5ರ ವರೆಗೆ ಇದನ್ನು ನಮೂದಿಸಿರುತ್ತಾರೆ. ಮನೆಗೆ ಎಸಿ3 ಸಾಕು. ಜನಸಂಚಾರವಿರುವ ಕಚೇರಿಗೆ ಎಸಿ4 ಬೇಕು. ರಾಳದಿಂದ ಹೊರಬರುವ ಫಾರ್ಮಾಲ್ಡಿಹೈಡ್ ಮಿತಿಯಲ್ಲಿದೆ ಎಂಬುದಕ್ಕೆ ಇ1 ಎಂಬ ಗುರುತಿರಬೇಕು.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ಈ ಹಲಗೆಯ ಪರಮ ವೈರಿ ನೀರು. ಒಮ್ಮೆ ನೀರು ಕುಡಿದು ಉಬ್ಬಿದ ತಿರುಳು ಒಣಗಿದರೂ ಮೊದಲಿನಂತಾಗುವುದಿಲ್ಲ. 2019ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಹರಿದಾಗ ನದಿದಂಡೆಯ ಮನೆಗಳಿಗೆ ನೀರು ನುಗ್ಗಿದ್ದು ನಮ್ಮೆಲ್ಲರ ನೆನಪಿನಲ್ಲಿದೆ. ಪರಸಿಯ ನೆಲವಾದರೆ ಕೆಸರು ತೊಳೆದು ಮತ್ತೆ ಬಳಸಬಹುದು. ಲ್ಯಾಮಿನೇಟ್ ಆಗಿದ್ದರೆ ಎಲ್ಲವನ್ನೂ ಕಿತ್ತೆಸೆಯಬೇಕಾಗುತ್ತದೆ. ಆದಕಾರಣ ತಗ್ಗು ಪ್ರದೇಶದ ನೆಲಅಂತಸ್ತು, ಅಡುಗೆಮನೆ, ಬಚ್ಚಲು, ನೀರು ಸುರಿದು ತೊಳೆಯುವ ದೇವರ ಕೋಣೆ ಹಾಗೂ ಚೀಲಗಳನ್ನು ಎಳೆದಾಡುವ ಗೋದಾಮಿಗೆ ಇದು ಖಂಡಿತ ಸಲ್ಲದು. ಗೆದ್ದಲಿನ ಉಪದ್ರವವಿರುವ ಕಟ್ಟಡದಲ್ಲಿ ಅದರ ನಿವಾರಣೆ ಆಗುವವರೆಗೆ ಇದರ ಯೋಚನೆಯನ್ನೇ ಮಾಡಬಾರದು.

ಮೇಲಂತಸ್ತಿನ ಮಲಗುವ ಕೋಣೆ, ಮಕ್ಕಳ ಓದಿನ ಕೋಣೆ, ಚಿಕ್ಕ ಕಚೇರಿ ಇವುಗಳಿಗೆ ಮಾತ್ರ ಇದು ತಕ್ಕುದು. ಅಲ್ಲಿ ಅದರ ದೊಡ್ಡ ಗುಣವೆಂದರೆ ಹಗುರತನ. 18 ಮಿ.ಮೀ. ಗ್ರಾನೈಟನ್ನು 40 ಮಿ.ಮೀ. ಗಾರೆಯ ಮೇಲೆ ಕೂರಿಸಿದರೆ ಪ್ರತಿ ಚದರ ಮೀಟರಿಗೆ ಸುಮಾರು 130 ಕಿ.ಗ್ರಾಂ. ಭಾರ ಬೀಳುತ್ತದೆ, 8 ಮಿ.ಮೀ. ಲ್ಯಾಮಿನೇಟಿನ ಭಾರ ಸುಮಾರು 7 ಕಿ.ಗ್ರಾಂ. ಮಾತ್ರ. 12 ಅಡಿಗೆ 10 ಅಡಿಯ ಕೋಣೆಯಲ್ಲಿ ಇದು ಸುಮಾರು 1,400 ಕಿ.ಗ್ರಾಂ. ಮತ್ತು 80 ಕಿ.ಗ್ರಾಂ. ನಡುವಿನ ಅಂತರ. ಹಳೆಯ ಮಾಳಿಗೆಯ ಮೇಲೆ ಹೊಸ ಕಲ್ಲು ಹಾಸುವ ಮುನ್ನ ಈ ಅಂತರವನ್ನು ಯೋಚಿಸಬೇಕು.

ಜೋಡಣೆಯ ಕ್ರಮ

ಮೊದಲು ತೇವದ ಪರೀಕ್ಷೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ನೆಲಕ್ಕೆ ಅಂಟಿಸಿ ಒಂದು ದಿನ ಬಿಡಿ. ಹಾಳೆಯ ಕೆಳಗೆ ನೀರಿನ ಹನಿ ಕಂಡರೆ ಅಥವಾ ನೆಲ ಕಪ್ಪಾಗಿದ್ದರೆ ತೇವದ ಮೂಲವನ್ನು ಸರಿಪಡಿಸದೆ ಮುಂದುವರಿಯಬಾರದು.

ಎರಡನೆಯದು ಸಮತಟ್ಟು. ಎರಡು ಮೀಟರಿನ ನೇರ ಪಟ್ಟಿಯನ್ನು ನೆಲದ ಮೇಲೆ ಎಲ್ಲ ದಿಕ್ಕುಗಳಲ್ಲಿಯೂ ಇಟ್ಟು ನೋಡಿದಾಗ ಕೆಳಗಿನ ಸಂದು 3 ಮಿ.ಮೀ.ಗಿಂತ ಹೆಚ್ಚಿರಕೂಡದು. ಹಳೆಯ ಪರಸಿಯಲ್ಲಿ ಸಂದುಗಳು ಕಿತ್ತು, ಕಲ್ಲುಗಳು ಏರುಪೇರಾಗಿರುವುದೇ ಹೆಚ್ಚು. ಉಬ್ಬನ್ನು ಗೌಂಡಿಯಿಂದ ಉಜ್ಜಿಸಿ, ತಗ್ಗನ್ನು ಸಿಮೆಂಟಿನಿಂದ ತುಂಬಿಸಿ, ಪೂರ್ಣ ಒಣಗಲು ಬಿಡಬೇಕು. ಈ ಕೆಲಸದಲ್ಲಿ ಅವಸರ ಮಾಡಿದರೆ ಹಲಗೆಗಳು ಕಾಲಿಟ್ಟಲ್ಲೆಲ್ಲ ಕುಸಿದು ಶಬ್ದ ಮಾಡುತ್ತವೆ, ಕೆಲವೇ ತಿಂಗಳಲ್ಲಿ ಕಚ್ಚುಗಳು ಮುರಿಯುತ್ತವೆ.

ಮೂರನೆಯದಾಗಿ, ತಂದ ಪೆಟ್ಟಿಗೆಗಳನ್ನು ಬಿಚ್ಚದೆ, ಹಾಸಬೇಕಾದ ಕೋಣೆಯಲ್ಲಿಯೇ 48 ಗಂಟೆಗಳ ಕಾಲ ಅಡ್ಡಲಾಗಿ ಇಡಬೇಕು. ಹಲಗೆಯು ಅಲ್ಲಿನ ಹವೆಗೆ ಹೊಂದಿಕೊಳ್ಳಲು ಇದು ಅವಶ್ಯಕ.

ನಂತರ 200 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆಯನ್ನು, ಒಂದರ ಮೇಲೊಂದು 20 ಸೆಂ.ಮೀ. ಬರುವಂತೆ ಹಾಸಿ ಟೇಪು ಹಚ್ಚಬೇಕು. ಅದರ ಮೇಲೆ 2ರಿಂದ 3 ಮಿ.ಮೀ. ಫೋಮ್ ಹಾಳೆ. ಫೋಮ್ ಹಾಳೆಗಳನ್ನು ಅಂಚಿಗೆ ಅಂಚು ತಾಗಿಸಿ ಇಡಬೇಕೇ ಹೊರತು ಒಂದರ ಮೇಲೊಂದು ಏರಿಸಬಾರದು.

ಹಲಗೆಗಳನ್ನು ಕಿಟಕಿಯ ಬೆಳಕು ಬರುವ ದಿಕ್ಕಿಗೆ ಉದ್ದವಾಗಿ ಹಾಸಿದರೆ ಸಂದುಗಳು ಎದ್ದು ಕಾಣುವುದಿಲ್ಲ. ಕೆಲಸಕ್ಕೆ ತೊಡಗುವ ಮುನ್ನ ಸಾಲುಗಳ ಲೆಕ್ಕ ಮಾಡಬೇಕು. 10 ಅಡಿ ಅಗಲ ಎಂದರೆ 3,048 ಮಿ.ಮೀ. ಎರಡೂ ಗೋಡೆಗಳ ಬದಿಗೆ 10 ಮಿ.ಮೀ.ನಂತೆ ಸಂದು ಬಿಟ್ಟರೆ 3,028 ಉಳಿಯಿತು. 195 ಮಿ.ಮೀ. ಅಗಲದ ಹಲಗೆಯ 15 ಸಾಲುಗಳಿಗೆ 2,925 ಆಗಿ, ಕೊನೆಯ ಸಾಲಿಗೆ 103 ಮಿ.ಮೀ. ಉಳಿಯುತ್ತದೆ. ಇದು ಸರಿ. ಉಳಿಕೆಯು 50 ಮಿ.ಮೀ.ಗಿಂತ ಕಡಿಮೆ ಬರುವಂತಿದ್ದರೆ ಮೊದಲ ಸಾಲನ್ನೇ ಸೀಳಿ ಕಿರಿದುಗೊಳಿಸಿಕೊಳ್ಳಬೇಕು.

ಗೋಡೆಗೂ ಹಲಗೆಗೂ ನಡುವೆ ಮರದ ಬೆಣೆಗಳನ್ನಿಟ್ಟು 10 ಮಿ.ಮೀ. ಸಂದನ್ನು ಕಾಯ್ದುಕೊಳ್ಳಬೇಕು. ಒಂದು ಹಲಗೆಯ ನಾಲಿಗೆಯನ್ನು ಇನ್ನೊಂದರ ಕಚ್ಚಿನೊಳಗೆ ಓರೆಯಾಗಿ ಸೇರಿಸಿ ಕೆಳಕ್ಕೆ ಒತ್ತಿದರೆ ಅದು ಕೂಡಿಕೊಳ್ಳುತ್ತದೆ. ಸುತ್ತಿಗೆಯ ಪೆಟ್ಟು ಅಗತ್ಯವಾದಲ್ಲಿ ನಡುವೆ ಮರದ ತುಂಡನ್ನಿಟ್ಟು ಹೊಡೆಯಬೇಕು. ಪಕ್ಕಪಕ್ಕದ ಸಾಲುಗಳ ಕೊನೆಯ ಸಂದುಗಳ ನಡುವೆ ಕನಿಷ್ಠ 30 ಸೆಂ.ಮೀ. ಅಂತರವಿರಲಿ. ಕೈಗರಗಸದಿಂದ ಕೊಯ್ಯುವಾಗ ಚಿತ್ರದ ಮುಖ ಮೇಲಿರಲಿ; ವಿದ್ಯುತ್ ಜಿಗ್‌ಸಾ ಬಳಸಿದರೆ ಕೆಳಗಿರಲಿ. ಕೊಯ್ಯುವ ಕೆಲಸವನ್ನು ಮೂಗು ಬಾಯಿ ಮುಚ್ಚಿಕೊಂಡು ಹೊರಗೆ ಮಾಡಬೇಕು. ಕೊನೆಯಲ್ಲಿ ಬೆಣೆಗಳನ್ನು ತೆಗೆದು, ಸ್ಕರ್ಟಿಂಗ್ ಪಟ್ಟಿಯನ್ನು ಗೋಡೆಗೆ ಮಾತ್ರ ಕೂರಿಸಬೇಕು, ಹಲಗೆಗೆ ಮೊಳೆ ಹೊಡೆಯಕೂಡದು. ಹೊಸ್ತಿಲಿನ ಬಳಿ ಲೋಹದ ಪಟ್ಟಿ ಹಾಕಬೇಕು. ಬಾಗಿಲಿನ ತಳಕ್ಕೆ ನೆಲ ತಾಗುವಂತಿದ್ದರೆ ಬಡಿಗರಿಂದ ಮೊದಲೇ ಹೆರೆಸಿಕೊಳ್ಳುವುದು ಒಳ್ಳೆಯದು.

ಈ ಸಂದಿನ ಮಹತ್ವವನ್ನು ನಾನು ಅನುಭವದಿಂದಲೇ ಕಲಿತೆ. ನಮ್ಮ ಮನೆಯ ಮೇಲಂತಸ್ತಿನ ಕೋಣೆಗೆ ಬೇಸಿಗೆಯಲ್ಲಿ ಹಲಗೆ ಹಾಸುವಾಗ, ಒಂದು ಗೋಡೆಯ ಬದಿಗೆ ಅಂದವಾಗಿ ಕಾಣಲೆಂದು ಒತ್ತಿ ಕೂರಿಸಿದ್ದೆ. ಮಳೆಗಾಲದ ತೇವದಲ್ಲಿ ಹಲಗೆಗಳು ಹಿಗ್ಗಿ, ಕೋಣೆಯ ನಡುವೆ ನೆಲವೇ ಕಮಾನಿನಂತೆ ಎದ್ದಿತು. ಪಟ್ಟಿ ಬಿಚ್ಚಿ, ಅಂಚನ್ನು ಕೊಯ್ದ ಮೇಲೆಯೇ ಅದು ಮತ್ತೆ ಕುಳಿತುಕೊಂಡಿತು.

ಉಳಿತಾಯ ಎಲ್ಲಿದೆ?

ದರಗಳು ಊರಿನಿಂದ ಊರಿಗೆ ಬದಲಾಗುವುದರಿಂದ, ಲೆಕ್ಕದ ಅನುಕೂಲಕ್ಕಾಗಿ ಕೆಳಗಿನ ಅಂಕಿಗಳನ್ನು ಭಾವಿಸೋಣ. 120 ಚದರ ಅಡಿಯ ಕೋಣೆಗೆ ಶೇ. 10 ಕೊಯ್ತದ ನಷ್ಟ ಸೇರಿ 132 ಚದರ ಅಡಿ ಬೇಕು. ಹಲಗೆ ಅಡಿಗೆ ರೂ. 90ರಂತೆ ರೂ. 11,880, ಫೋಮ್ ಮತ್ತು ಪ್ಲಾಸ್ಟಿಕ್ ಹಾಳೆ ರೂ. 10ರಂತೆ ರೂ. 1,320, 41 ಅಡಿ ಸ್ಕರ್ಟಿಂಗ್ ರೂ. 50ರಂತೆ ರೂ. 2,050. ಸಾಮಗ್ರಿಯ ಒಟ್ಟು ರೂ. 15,250. ಕೂಲಿ ಅಡಿಗೆ ರೂ. 20ರಂತೆ ರೂ. 2,400 ಎಂದಿಟ್ಟುಕೊಳ್ಳಿ. ಸ್ವತಃ ಮಾಡಿದರೆ ಸಲಕರಣೆಗೆ ರೂ. 1,000 ಆಗುತ್ತದೆ. ನಿವ್ವಳ ಉಳಿತಾಯ ರೂ. 1,400 ಮಾತ್ರ. ಅಳತೆ ತಪ್ಪಿ ನಾಲ್ಕಾರು ಹಲಗೆಗಳು ಹಾಳಾದರೆ ಅದೂ ಕರಗುತ್ತದೆ.

ಹೀಗಾಗಿ ನಿಜವಾದ ಉಳಿತಾಯವು ಕೂಲಿಯಲ್ಲಿಲ್ಲ. ಹಳೆಯ ನೆಲವನ್ನು ಅಗೆಯದಿರುವುದರಲ್ಲಿದೆ. ಅಗೆತ, ಕಸ ಸಾಗಣೆ, ಮರಳು, ಸಿಮೆಂಟು, ಪಾಲಿಶ್ ಇವು ಯಾವುವೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದುದು ನಿಜ. ಆದರೆ ಅಗೆತದ ಖರ್ಚು ಅದರಿಂದ ಇಳಿಯುವುದಿಲ್ಲ. ಸುಗ್ಗಿಯ ಕಾಲದಲ್ಲಿ ಎರಡು ದಿನ ಅಂಗಡಿ ಮುಚ್ಚಿ ರೂ. 1,400 ಉಳಿಸುವುದು ವ್ಯಾಪಾರವಲ್ಲ. ಬಿಡುವಿನ ದಿನಗಳಿದ್ದರೆ ಮಾತ್ರ ಸ್ವತಃ ಮಾಡಿರಿ.

ಬಿಲ್ಲು ಯಾರ ಹೆಸರಿಗೆ?

ಮನೆಯ ನೆಲಕ್ಕೆ ತಂದ ಹಲಗೆಯ ಬಿಲ್ಲನ್ನು ಅಂಗಡಿಯ ಜಿ.ಎಸ್.ಟಿ. ಸಂಖ್ಯೆಗೆ ಬರೆಸುವ ರೂಢಿ ಅಪಾಯಕಾರಿಯಾದುದು. ಸ್ವಂತ ಉಪಯೋಗದ ಸರಕಿಗೆ ಹೂಡುವಳಿ ತೆರಿಗೆ ಜಮೆಯನ್ನು ಜಿ.ಎಸ್.ಟಿ. ಕಾಯ್ದೆಯ 17(5)ನೇ ಕಲಮು ತಡೆಯುತ್ತದೆ. ತಪ್ಪಾಗಿ ಪಡೆದು ಬಳಸಿದ ಜಮೆಯನ್ನು ಶೇ. 18ರ ಬಡ್ಡಿಯೊಡನೆ ಹಿಂದಿರುಗಿಸಬೇಕಾಗುತ್ತದೆ, ದಂಡವೂ ಬೀಳಬಹುದು. ಮೇಲಿನ ಉದಾಹರಣೆಯಲ್ಲಿ ಎರಡು ಸಾವಿರ ರೂಪಾಯಿ ಆಸುಪಾಸಿನ ಜಮೆಗಾಗಿ ಇಡೀ ವರ್ಷದ ಪುಸ್ತಕಗಳು ಪರಿಶೀಲನೆಗೆ ಒಳಗಾಗುವುದು ಯಾರಿಗೂ ಬೇಡ. ಅಂಗಡಿಯ ಹಣದಿಂದ ಪಾವತಿಸಿದ್ದರೆ ಅದನ್ನು ಮಾಲೀಕರ ಡ್ರಾಯಿಂಗ್ಸ್ ಖಾತೆಗೆ ಖರ್ಚು ಹಾಕುವುದೇ ಸರಿಯಾದ ಮಾರ್ಗ.

ನೆಲವು ವ್ಯಾಪಾರದ ಕಚೇರಿಯದಾಗಿದ್ದರೆ ವಿಚಾರ ಬೇರೆ. ಇದ್ದ ಆಸ್ತಿಯನ್ನು ಇದ್ದಂತೆ ಕಾಪಾಡುವ ಖರ್ಚು ಮಾತ್ರ ಚಾಲ್ತಿ ದುರಸ್ತಿ. ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ಖರ್ಚು ಅದಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟು 1997ರ ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ ಒಪ್ಪಿತು. ಸಿನಿಮಾ ಮಂದಿರವೊಂದರ ವ್ಯಾಪಕ ನವೀಕರಣದ ಪ್ರಕರಣವದು. ಹಾಳಾದ ಹಲಗೆಗಳನ್ನು ಬದಲಿಸಿದರೆ ದುರಸ್ತಿ. ಗಟ್ಟಿಯಾಗಿರುವ ಪರಸಿಯ ಮೇಲೆ ಹೊಸದಾಗಿ ಹಾಸಿದರೆ ಅದನ್ನು ಬಂಡವಾಳ ವೆಚ್ಚವೆಂದು ತೋರಿಸಿ, ವರ್ಷಕ್ಕೆ ಶೇ. 10ರ ಸವಕಳಿ ಪಡೆಯುವುದು ಕ್ಷೇಮ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾದರೂ ಈ ಭೇದ ಹಾಗೆಯೇ ಇದೆ. ಕಟ್ಟಡದ ನವೀಕರಣವನ್ನು ಬಂಡವಾಳೀಕರಿಸಿದ ಮಟ್ಟಿಗೆ ಜಿ.ಎಸ್.ಟಿ. ಜಮೆಗೆ ತಡೆಯಿದೆ ಎಂಬುದನ್ನೂ ಮರೆಯಬಾರದು. ಒಬ್ಬರಿಗೆ ಒಂದೇ ದಿನದಲ್ಲಿ ರೂ. 10,000ಕ್ಕಿಂತ ಹೆಚ್ಚು ನಗದು ಪಾವತಿಸಿದರೆ ಆ ಖರ್ಚಿಗೆ ಮಾನ್ಯತೆಯಿಲ್ಲ. ಆದ್ದರಿಂದ ಬ್ಯಾಂಕಿನ ಮೂಲಕವೇ ಪಾವತಿಸಬೇಕು.

ಮನೆಯ ಬಿಲ್ಲನ್ನೂ ಎಸೆಯಬೇಡಿ. ಮುಂದೆ ಮನೆ ಮಾರುವಾಗ, ಬಂಡವಾಳ ಸ್ವರೂಪದ ಸುಧಾರಣೆಯ ಖರ್ಚನ್ನು ಲಾಭದ ಲೆಕ್ಕದಲ್ಲಿ ಕಳೆಯಲು ಅದೇ ಆಧಾರ. ನಿಮ್ಮ ಹೆಸರಿನಲ್ಲಿ ಬಿಲ್ಲು, ಬ್ಯಾಂಕಿನ ಪಾವತಿ, ಒಂದು ಕಡತ ಇಷ್ಟಿದ್ದರೆ ಸಾಕು. ಗೋಡೆಯ ಬದಿಗೆ ಬಿಟ್ಟ ಸಂದಿನಂತೆಯೇ, ಮನೆಯ ಲೆಕ್ಕಕ್ಕೂ ಅಂಗಡಿಯ ಲೆಕ್ಕಕ್ಕೂ ನಡುವೆ ಬಿಟ್ಟ ಅಂತರವು ಕಷ್ಟಕಾಲದಲ್ಲಿ ನಮ್ಮನ್ನು ಕಾಯುತ್ತದೆ.