ದೊಡ್ಡವರ ಯುದ್ಧ, ಹುಡುಗರ ಕಣ್ಣು

ಯುದ್ಧದ ಸಿನಿಮಾ ಅಂದರೆ ನಮಗೆ ನೆನಪಾಗೋದು ಬಂದೂಕು, ವೀರಾವೇಶ. ಜೆಕ್ ನಿರ್ದೇಶಕ ಯಿರಿ ಮೆನ್ಜೆಲ್ 1966ರಲ್ಲಿ ಮಾಡಿದ ‘ಕ್ಲೋಸ್ಲಿ ವಾಚ್ಡ್ ಟ್ರೇನ್ಸ್’ ಅದನ್ನೆಲ್ಲ ಬದಿಗಿಡುತ್ತದೆ. ನಾಜಿಗಳ ಹಿಡಿತದಲ್ಲಿರುವ ನಾಡಿನ ಪುಟ್ಟ ರೈಲ್ವೆ ಸ್ಟೇಷನ್ನಿಗೆ ಕೆಲಸ ಕಲಿಯಲು ಬರುವ ಮಿಲೋಶ್‌ಗೆ ಯುದ್ಧಕ್ಕಿಂತ, ತಾನು ಯಾವಾಗ ‘ಗಂಡಸು’ ಆಗ್ತೀನಿ ಅನ್ನೋದೇ ಚಿಂತೆ. ಆದರೆ ಯುದ್ಧ ಅವನನ್ನು ಬಿಡಲ್ಲ. ಮದ್ದುಗುಂಡು ತುಂಬಿದ ರೈಲಿಗೆ ಬಾಂಬ್ ಹಾಕಿ, ತಾನೂ ಗುಂಡಿಗೆ ಬಲಿಯಾಗುತ್ತಾನೆ. 1968ರಲ್ಲಿ ಚಿತ್ರಕ್ಕೆ ಆಸ್ಕರ್ ಬಂತು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಗಿರೀಶ ಕಾರ್ನಾಡರ ‘ಕಾಡು’ (1973). ಮೂಲ ಕಾದಂಬರಿ ಬರೆದ ಶ್ರೀಕೃಷ್ಣ ಆಲನಹಳ್ಳಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಡೆಯವರು. ಇಲ್ಲಿ ಕಾದಾಡುವುದು ದೇಶಗಳಲ್ಲ, ಅಕ್ಕಪಕ್ಕದ ಎರಡು ಹಳ್ಳಿ. ಪಕ್ಕದೂರಿನ ಹೆಂಗಸಿನ ಜೊತೆ ಗೌಡನಿಗಿರುವ ಸಂಬಂಧ ಊರೂರ ಹೊಡೆದಾಟಕ್ಕೆ ಕಿಡಿಯಾಗುತ್ತದೆ. ಎಲ್ಲವನ್ನೂ ನೋಡುವವನು ಅವನ ಮನೆಯಲ್ಲಿ ಬೆಳೆಯುವ ಹುಡುಗ ಕಿಟ್ಟಿ. ಆ ಪಾತ್ರ ಮಾಡಿದ ಜಿ.ಎಸ್. ನಟರಾಜ್‌ಗೆ ರಾಷ್ಟ್ರಪ್ರಶಸ್ತಿ ಸಿಕ್ಕಿತು.

ಮಿಲೋಶ್‌ಗೆ ಶತ್ರು ಯಾರೆಂದು ಗೊತ್ತು. ಕಿಟ್ಟಿಗೆ ಆ ಸಮಾಧಾನವೂ ಇಲ್ಲ, ಎರಡೂ ಕಡೆ ನಮ್ಮವರೇ. ಹಾಗಾಗಿ ಹೆಮ್ಮರಗಾಲದಂಥ ಊರಲ್ಲಿ ಕೂತು ನೋಡುವವರಿಗೆ ‘ಕಾಡು’ ಹೆಚ್ಚು ಚುಚ್ಚುತ್ತದೆ: ದೊಡ್ಡವರ ಜಿದ್ದಿಗೆ ದಂಡ ಕಟ್ಟುವವರು ಮಕ್ಕಳು.