ಮರೆಮಾಡಿದ್ದು ಬೇರೆ, ಅಳಿಸಿದ್ದು ಬೇರೆ

ಮನೆಗೆ ಬಂದ ನೆಂಟರ ಕೈಗೆ ಕಾಫಿ ಲೋಟದ ಹಿಂದೆಯೇ ಮದುವೆಯ ಆಲ್ಬಮ್ಮನ್ನೂ ಕೊಡುವುದು ನಮ್ಮಲ್ಲಿ ಬಹುಕಾಲ ವಾಡಿಕೆಯಾಗಿತ್ತು. ದಪ್ಪ ಕಪ್ಪು ಹಾಳೆಗಳು, ಅವುಗಳ ನಡುವೆ ಜೇಡರ ಬಲೆಯ ಅಚ್ಚಿದ್ದ ತೆಳು ಕಾಗದ, ನಾಲ್ಕು ಮೂಲೆಗೆ ಅಂಟಿಸಿದ ತ್ರಿಕೋನದ ಚೂರುಗಳು, ಅವುಗಳಲ್ಲಿ ಸಿಕ್ಕಿಸಿದ ಚಿತ್ರ. ಯಾರೊಂದಿಗಾದರೂ ಮಾತು ಬಿಟ್ಟುಹೋದರೆ ಅವರ ಚಿತ್ರ ಸದ್ದಿಲ್ಲದೆ ಆಲ್ಬಮ್ಮಿನಿಂದ ಹೊರಬೀಳುತ್ತಿತ್ತು. ಆದರೆ ಮೂಲೆಯ ಚೂರುಗಳು ಅಲ್ಲಿಯೇ ಉಳಿಯುತ್ತಿದ್ದವು. ಮುಂದಿನ ಸಲ ಪುಟ ತಿರುವಿದವರು ‘ಇಲ್ಲಿ ಯಾರದಿತ್ತು?’ ಎಂದು ಕೇಳದೆ ಬಿಡುತ್ತಿರಲಿಲ್ಲ. ಚಿತ್ರವನ್ನು ಹರಿದು ಒಲೆಗೆ ಹಾಕಿದರೂ ಅದರ ನೆಗೆಟಿವ್ ಸ್ಟುಡಿಯೋದವರ ಬಳಿ ಇರುತ್ತಿತ್ತು. ಇನ್ನೊಂದು ಪ್ರತಿ ಸೋದರತ್ತೆಯ ಮನೆಯ ಗೋಡೆಯ ಮೇಲೆ ನೇತಾಡುತ್ತಿತ್ತು.

ಈಗ ಆಲ್ಬಮ್ ಫೋನಿನೊಳಗೆ ಸೇರಿದೆ. ಅದನ್ನು ನೋಡಲು ನೆಂಟರು ಮನೆಗೆ ಬರಬೇಕಾಗಿಲ್ಲ, ನೋಡುವವರು ನೆಂಟರೇ ಆಗಿರಬೇಕೆಂದೂ ಇಲ್ಲ. ಹತ್ತು ಹನ್ನೆರಡು ವರ್ಷಗಳ ಹಿಂದೆ ಕಾಲೇಜಿನಲ್ಲಿದ್ದಾಗ ಖಾತೆ ತೆರೆದವರು ಇಂದು ಗೃಹಸ್ಥರು, ಅಧಿಕಾರಿಗಳು, ಅಧ್ಯಾಪಕರು. ಅಂದು ಹಾಕಿದ ಚಿತ್ರಗಳು ಇಂದಿಗೂ ಅಲ್ಲಿಯೇ ಇವೆ. ಅವುಗಳಲ್ಲಿ ಕೆಲವನ್ನಾದರೂ ತೆಗೆಯಬೇಕೆನ್ನಿಸುವುದು ಸಹಜ. ಮುರಿದುಹೋದ ಸಂಬಂಧ, ಬದಲಾದ ನಂಬಿಕೆ, ಹೊಸ ಕೆಲಸದ ಸಂದರ್ಶನ, ಸುಮ್ಮನೆ ಒಂದು ನಾಚಿಕೆ, ಕಾರಣ ಯಾವುದೂ ಇರಬಹುದು. ಆದರೆ ‘ತೆಗೆಯುವುದು’ ಎಂಬ ಒಂದೇ ಮಾತಿನ ಅಡಿಯಲ್ಲಿ ಇಲ್ಲಿ ಮೂರು ನಾಲ್ಕು ಬೇರೆ ಬೇರೆ ಕ್ರಿಯೆಗಳಿವೆ. ಅವುಗಳ ವ್ಯತ್ಯಾಸ ತಿಳಿಯದೆ ಗುಂಡಿ ಒತ್ತುವವರೇ ಹೆಚ್ಚು.

ಪಿಂಟರೆಸ್ಟ್ ಎಂಬ ತಾಣವನ್ನು ಮೊದಲು ನೋಡೋಣ. 2010ರಲ್ಲಿ ಅಮೆರಿಕದಲ್ಲಿ ಆರಂಭವಾದ ಇದು ಗೋಡೆಯ ಮೇಲಿನ ಬೋರ್ಡಿಗೆ ಗುಂಡುಪಿನ್ನಿನಿಂದ ಚಿತ್ರ ಚುಚ್ಚಿಡುವ ಅಭ್ಯಾಸವನ್ನೇ ಹೆಸರಿಗೂ ರೂಪಕ್ಕೂ ತೆಗೆದುಕೊಂಡಿತು. ಅದರ ಸ್ಥಾಪಕರಲ್ಲೊಬ್ಬನಾದ ಬೆನ್ ಸಿಲ್ಬರ್‌ಮನ್‌ಗೆ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಪಿನ್ನು ಚುಚ್ಚಿ ಸಂಗ್ರಹಿಸುವ ಹವ್ಯಾಸವಿತ್ತು. ರವಿಕೆಯ ವಿನ್ಯಾಸಕ್ಕೊಂದು ಬೋರ್ಡು, ಅಡುಗೆಮನೆಯ ಕಪಾಟಿಗೊಂದು, ಮದುವೆಯ ಮಂಟಪಕ್ಕೊಂದು, ಹೀಗೆ ಜನ ಸಂಗ್ರಹ ಬೆಳೆಸಿದರು. ತೊಡಕು ಬರುವುದು ಮದುವೆ ಮುಗಿದ ಮೇಲೆ. ಮಂಟಪ ಬಿಚ್ಚಿ ಬಾಡಿಗೆಯವರು ಒಯ್ದಿರುತ್ತಾರೆ. ಬೋರ್ಡು ಮಾತ್ರ ಉಳಿದಿರುತ್ತದೆ. ಅದನ್ನು ನೋಡಿಕೊಂಡು ಸಲಹೆ ಕೊಡುವ ಯಂತ್ರಕ್ಕೆ ಮದುವೆ ಮುಗಿಯಿತೆಂದು ಹೇಳುವವರಿಲ್ಲ. ಅದು ಇನ್ನೂ ಹೊಸ ಮಂಟಪಗಳನ್ನು ತಂದು ತೋರಿಸುತ್ತಲೇ ಇರುತ್ತದೆ. ಮದುವೆ ನಿಂತುಹೋದವರ, ಸಂಗಾತಿಯನ್ನು ಕಳೆದುಕೊಂಡವರ ಕಣ್ಣೆದುರು ಇದು ಹೀಗೆ ಬಂದು ನಿಂತರೆ ಏನನ್ನಿಸೀತು ಎಂಬುದನ್ನು ಓದುಗರೇ ಊಹಿಸಬಹುದು.

ಇದಕ್ಕೆ ಆ ತಾಣ ಕೊಟ್ಟಿರುವ ದಾರಿಗಳು ಹಲವು. ಬೋರ್ಡನ್ನು ಗುಟ್ಟಾಗಿಸಬಹುದು, ಆಗ ಅದು ಯಜಮಾನನಿಗೂ ಅವನು ಕರೆದವರಿಗೂ ಮಾತ್ರ ಕಾಣುತ್ತದೆ. ಈ ಸೌಲಭ್ಯ 2012ರಲ್ಲಿ ಬಂತು. ‘ಆರ್ಕೈವ್’ ಮಾಡಬಹುದು, ಅಂದರೆ ಅಟ್ಟಕ್ಕೆ ಹಾಕಿದ ಹಾಗೆ: ಅದಕ್ಕೆ ಹೊಸ ಚಿತ್ರ ಸೇರಿಸಲಾಗದು, ಅದರ ಆಧಾರದ ಮೇಲೆ ಸಲಹೆಗಳೂ ಬರಲಾರವು, ಬೇಕಾದಾಗ ಮತ್ತೆ ಕೆಳಗಿಳಿಸಬಹುದು. ಎರಡು ಬೋರ್ಡುಗಳನ್ನು ಒಂದಾಗಿಸಬಹುದು. ಅಥವಾ ಅಳಿಸಿಯೇ ಬಿಡಬಹುದು. ಆದರೆ ನೀವು ಅಳಿಸಿದ್ದು ನಿಮ್ಮ ಪ್ರತಿಯನ್ನು ಮಾತ್ರ. ನಿಮ್ಮ ಬೋರ್ಡಿನಿಂದ ಯಾರಾದರೂ ಆ ಚಿತ್ರವನ್ನು ತಮ್ಮ ಬೋರ್ಡಿಗೆ ಚುಚ್ಚಿಕೊಂಡಿದ್ದರೆ ಅದು ಅಲ್ಲಿ ಉಳಿಯುತ್ತದೆ. ಸೋದರತ್ತೆಯ ಮನೆಯ ಗೋಡೆ ಇಲ್ಲಿಯೂ ಉಂಟು.

ಇನ್‌ಸ್ಟಾಗ್ರಾಂ ಕೂಡ 2010ರ ಅಕ್ಟೋಬರ್‌ನಲ್ಲಿ ಹುಟ್ಟಿದ್ದು. ಮೊದಲ ಏಳು ವರ್ಷ ಅಲ್ಲಿ ಹಳೆಯ ಚಿತ್ರಕ್ಕೆ ಎರಡೇ ಗತಿ: ಇರಬೇಕು, ಇಲ್ಲವೇ ಅಳಿಯಬೇಕು. ಅಳಿಸಿದರೆ ಚಿತ್ರದೊಂದಿಗೆ ಅದರ ಕೆಳಗಿದ್ದ ಗೆಳೆಯರ ಮಾತುಗಳೂ ಹೋಗುತ್ತಿದ್ದವು. 2017ರ ಜೂನ್‌ನಲ್ಲಿ ಇಲ್ಲಿಯೂ ಆರ್ಕೈವ್ ಬಂತು. ಹಾಗೆ ಮರೆಮಾಡಿದ ಚಿತ್ರ ಯಜಮಾನನಿಗಷ್ಟೇ ಕಾಣುತ್ತದೆ. ಮತ್ತೆ ಹೊರಗೆ ತಂದರೆ ಮೆಚ್ಚುಗೆ, ಟೀಕೆಗಳೊಡನೆ ಹಳೆಯ ತಾರೀಖಿನ ಜಾಗದಲ್ಲೇ ಬಂದು ಕೂರುತ್ತದೆ. ನಡುವೆ ಅದು ಇರಲಿಲ್ಲವೆಂಬುದಕ್ಕೆ ಕುರುಹೇ ಇರದು. ಮೂಲೆಯ ಚೂರುಗಳ ಆಲ್ಬಮ್ಮಿಗಿಂತ ಇದು ಜಾಣತನದ ವ್ಯವಸ್ಥೆ ಎಂದೇ ಹೇಳಬೇಕು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಒಂದು ದಿನಕ್ಕೆ ಮಾಯವಾಗುವ ‘ಸ್ಟೋರಿ’ಗಳನ್ನು ಪೋಣಿಸಿ ಖಾತೆಯ ನೆತ್ತಿಯ ಮೇಲೆ ಇಟ್ಟುಕೊಳ್ಳುವ ‘ಹೈಲೈಟ್’ ಸಂಗ್ರಹಗಳು ಬಂದವು. ಹಂಪಿ ಪ್ರವಾಸ, ಸೀಮಂತ, ಮಗುವಿನ ನಾಮಕರಣ ಎಂದೆಲ್ಲ ಹೆಸರಿಟ್ಟ ಆ ದುಂಡು ಗುರುತುಗಳನ್ನು ನೀವೂ ಕಂಡಿರುತ್ತೀರಿ. ಇವನ್ನು ತೆಗೆದುಹಾಕಿದ ಹಲವರು ಒಳಗಿನ ಚಿತ್ರಗಳೂ ಹೋದವೆಂದು ಭಾವಿಸುತ್ತಾರೆ. ದಾರವನ್ನು ಬಿಚ್ಚಿದರೆ ಮಣಿಗಳು ಚದುರುತ್ತವೆ, ನಾಶವಾಗುವುದಿಲ್ಲ: ಆರ್ಕೈವ್ ಚಾಲೂ ಇದ್ದವರ ಸ್ಟೋರಿಗಳು ಅಲ್ಲಿ ಹಾಗೆಯೇ ಇರುತ್ತವೆ. 2021ರಿಂದ, ಅಳಿಸಿದ ಚಿತ್ರಗಳೂ 30 ದಿನ ಒಂದು ಕಡತದಲ್ಲಿದ್ದು ಆಮೇಲಷ್ಟೇ ಹೋಗುತ್ತವೆ. ಸಿಟ್ಟಿನಲ್ಲಿ ಅಳಿಸಿ ಮರುದಿನ ಪರಿತಪಿಸುವವರಿಗೆ ಇದೊಂದು ಸಮಾಧಾನ. ಇದಕ್ಕೊಂದು ಎಚ್ಚರಿಕೆಯ ಮುಖವೂ ಇದೆ. ನಿಮ್ಮ ಫೋನು ಇನ್ನೊಬ್ಬರ ಕೈಯಲ್ಲಿದ್ದರೆ ಆ ಕಡತವನ್ನು ಅವರೂ ತೆರೆಯಬಲ್ಲರು.

ಹಾಗಾದರೆ ಆ 30 ದಿನಗಳ ಬಳಿಕವಾದರೂ ಚಿತ್ರ ಇಲ್ಲವಾಯಿತೇ? ಗ್ರಂಥಾಲಯದ ಹಳೆಯ ಕಾರ್ಡು ಪೆಟ್ಟಿಗೆಗಳನ್ನು ನೆನಪಿಸಿಕೊಳ್ಳಿ. ಕಾರ್ಡನ್ನು ಕಿತ್ತು ಬಿಸಾಡಿದರೆ ಪುಸ್ತಕ ‘ಇಲ್ಲ’ವಾಗುತ್ತದೆ, ಆದರೆ ಅದು ಕಪಾಟಿನಲ್ಲಿ ಕೂತೇ ಇರುತ್ತದೆ. ಕಂಪ್ಯೂಟರಿನಲ್ಲಿ ಅಳಿಸುವಾಗ ಸಾಮಾನ್ಯವಾಗಿ ಮೊದಲು ಹೋಗುವುದು ಕಾರ್ಡು. ಕೋಟಿಗಟ್ಟಲೆ ಜನ ಬಳಸುವ ತಾಣದಲ್ಲಂತೂ ಒಂದೇ ಚಿತ್ರದ ಹಲವು ಅಳತೆಯ ಪ್ರತಿಗಳು ಹಲವು ದೇಶಗಳ ಯಂತ್ರಗಳಲ್ಲಿ ಇರುತ್ತವೆ. ಅವಘಡವಾದರೆ ಬೇಕೆಂದು ತೆಗೆದಿಟ್ಟ ಪ್ರತಿಗಳು ಬೇರೆ. ಎಲ್ಲವೂ ಅಳಿಯಲು 90 ದಿನಗಳವರೆಗೆ ಹಿಡಿಯಬಹುದೆಂದು ಇನ್‌ಸ್ಟಾಗ್ರಾಂ ತಾನೇ ಹೇಳುತ್ತದೆ. ಹೇಳಿದಂತೆ ನಡೆದೇ ತೀರಿತೆಂದು ತಿಳಿಯಬೇಕಾಗಿಲ್ಲ. 2020ರಲ್ಲಿ ಒಬ್ಬ ಭದ್ರತಾ ಸಂಶೋಧಕ ತನ್ನ ಖಾತೆಯ ಮಾಹಿತಿಯನ್ನೆಲ್ಲ ಇಳಿಸಿಕೊಂಡಾಗ, ವರ್ಷಕ್ಕೂ ಹಿಂದೆ ಅಳಿಸಿದ್ದ ಚಿತ್ರಗಳೂ ಸಂದೇಶಗಳೂ ಅದರಲ್ಲಿದ್ದವು. ಕಂಪನಿ ಅದು ದೋಷವೆಂದು ಒಪ್ಪಿ ಸರಿಪಡಿಸಿತು, ಆತನಿಗೆ 6,000 ಡಾಲರ್ ಬಹುಮಾನವನ್ನೂ ಕೊಟ್ಟಿತು. ಅದಕ್ಕೂ ಮುಂಚೆ, 2011ರಲ್ಲಿ, ಆಸ್ಟ್ರಿಯದ ಕಾನೂನು ವಿದ್ಯಾರ್ಥಿ ಮ್ಯಾಕ್ಸ್ ಶ್ರೆಮ್ಸ್ ತನ್ನ ಬಗ್ಗೆ ಫೇಸ್‌ಬುಕ್ ಇಟ್ಟುಕೊಂಡಿದ್ದ ಮಾಹಿತಿಯನ್ನು ಕಾನೂನಿನಂತೆ ಕೇಳಿ ಪಡೆದಾಗ ಕೈಗೆ ಬಂದದ್ದು 1,200ಕ್ಕೂ ಮಿಕ್ಕ ಪುಟಗಳು. ಆತ ಅಳಿಸಿದ್ದೆನೆಂದು ತಿಳಿದಿದ್ದ ಸಂಗತಿಗಳೂ ಅವುಗಳಲ್ಲಿದ್ದವು.

ಅಳಿಸಿದ್ದು ಉಳಿಯುವುದು ಯಂತ್ರಯುಗದ ವಿಶೇಷವೇನಲ್ಲ. ಗ್ರೀಕ್ ಗಣಿತಜ್ಞ ಆರ್ಕಿಮಿಡೀಸನ ಕೃತಿಗಳ ಹತ್ತನೆಯ ಶತಮಾನದ ಚರ್ಮದ ಹಾಳೆಗಳ ಪ್ರತಿಯೊಂದನ್ನು 1229ರಲ್ಲಿ ಕೆರೆದು, ಹಾಳೆಗಳನ್ನು ಮಡಿಚಿ, ಅದರ ಮೇಲೆ ಪ್ರಾರ್ಥನೆಗಳನ್ನು ಬರೆದರು. ಚರ್ಮ ದುಬಾರಿಯಾಗಿದ್ದ ಕಾಲ ಅದು. 1998ರಲ್ಲಿ ಆ ಪುಸ್ತಕ 20 ಲಕ್ಷ ಡಾಲರ್‌ಗೆ ಹರಾಜಾಯಿತು. ಬಳಿಕ ವಿಜ್ಞಾನಿಗಳು ಬೇರೆ ಬೇರೆ ಬೆಳಕಿನಲ್ಲಿ ಹಾಳೆಗಳ ಚಿತ್ರ ತೆಗೆದು, ಕೆರೆದುಹೋಗಿದ್ದ ಗಣಿತವನ್ನು ಓದಿದರು. ಕೆರೆದವನು ಸೋಮಾರಿಯಾಗಿದ್ದುದು ಲೋಕದ ಭಾಗ್ಯ!

ಇದುವರೆಗೆ ಹೇಳಿದ್ದು ನಾವಾಗಿಯೇ ತೆಗೆಯುವ ಮಾತು. ತಾಣದವರೇ ತೆಗೆದರೆ? ಫ್ಲಿಕರ್ ಎಂಬ ಚಿತ್ರತಾಣ 2004ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿ ಮರುವರ್ಷವೇ ಯಾಹೂ ಕೈಸೇರಿತು. 2013ರಲ್ಲಿ ಯಾಹೂ ಪ್ರತಿಯೊಬ್ಬರಿಗೂ ಒಂದು ಟೆರಾಬೈಟ್ ಜಾಗವನ್ನು ಪುಕ್ಕಟೆಯಾಗಿ ಕೊಟ್ಟಿತು. ಜನ ಮನಸ್ಸು ಬಿಚ್ಚಿ ತುಂಬಿದರು. 2018ರಲ್ಲಿ ಅದನ್ನು ಕೊಂಡ ಸ್ಮಗ್‌ಮಗ್ ಎಂಬ ಸಂಸ್ಥೆ ಆ ನವೆಂಬರ್‌ನಲ್ಲಿ, ಹಣ ಕೊಡದವರಿಗೆ ಇನ್ನು 1,000 ಚಿತ್ರಗಳೇ ಮಿತಿ, ಹೆಚ್ಚಿನವನ್ನು ಮುಂದಿನ ವರ್ಷ ಅಳಿಸಲಾಗುವುದು ಎಂದು ಸಾರಿತು. ಅಳಿಸುವ ಕ್ರಮವೂ ಗೊತ್ತಾಗಿತ್ತು: ಎಲ್ಲಕ್ಕಿಂತ ಹಳೆಯದು ಮೊದಲು. ಫೆಬ್ರವರಿಗೆಂದು ಇಟ್ಟ ಗಡುವು 2019ರ ಮಾರ್ಚ್ 12ಕ್ಕೆ ಹೋಯಿತು. ಎಲ್ಲರೂ ಬಳಸಬಹುದೆಂದು ಮುಕ್ತ ಪರವಾನಗಿ ಕೊಟ್ಟ ಚಿತ್ರಗಳಿಗೆ ವಿನಾಯಿತಿ ಸಿಕ್ಕಿತು. ತೀರಿಹೋದವರ ಖಾತೆಗಳನ್ನು ಸ್ಮರಣಾರ್ಥ ಕಾಯ್ದಿಡುವ ಏರ್ಪಾಡೂ ಆಯಿತು. ನ್ಯಾಯವಾಗಿ ನೋಡಿದರೆ ಸಂಸ್ಥೆ ಮುನ್ಸೂಚನೆ ಕೊಟ್ಟಿತು, ಗಡುವನ್ನೂ ಬೆಳೆಸಿತು. ಮೈಸ್ಪೇಸ್ ಅಷ್ಟನ್ನೂ ಮಾಡಲಿಲ್ಲ. ಯಂತ್ರಗಳ ಸ್ಥಳಾಂತರದಲ್ಲಿ ಹಳೆಯ ಹಾಡು, ಚಿತ್ರಗಳೆಲ್ಲ ಕಳೆದುಹೋದವೆಂದು 2019ರಲ್ಲಿ ಹೇಳಿ ಕೈ ತೊಳೆದುಕೊಂಡಿತು. ನಮ್ಮವರಿಗೆ ಹೆಚ್ಚು ಆಪ್ತವಾಗಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು.

ಆದ್ದರಿಂದ ಹಳೆಯ ಸಂಗ್ರಹಕ್ಕೆ ಕೈ ಹಾಕುವ ಮೊದಲು ಅದರ ಪ್ರತಿಯೊಂದನ್ನು ಮನೆಗೆ ತಂದಿಟ್ಟುಕೊಳ್ಳುವುದು ಒಳ್ಳೆಯದು. ಖಾತೆಯ ಎಲ್ಲವನ್ನೂ ಒಟ್ಟಿಗೆ ಇಳಿಸಿಕೊಳ್ಳುವ ಅನುಕೂಲ ಇನ್‌ಸ್ಟಾಗ್ರಾಂನಲ್ಲಿ 2018ರ ಏಪ್ರಿಲ್‌ನಿಂದ ಇದೆ. ಬೇರೆಯವರು ತೆಗೆದು ಅವರ ಖಾತೆಯಲ್ಲಿ ಹಾಕಿದ ಚಿತ್ರದ ವಿಷಯ ಮಾತ್ರ ಬೇರೆ. ಅದರ ಮೇಲಿನ ನಿಮ್ಮ ಹೆಸರಿನ ಚೀಟಿಯನ್ನು ನೀವು ಕಿತ್ತುಹಾಕಬಹುದು. ಚಿತ್ರವನ್ನು ತೆಗೆಯಬೇಕಾದವರು ಅವರೇ. ಅದಕ್ಕೆ ಒಂದು ಫೋನು ಮಾಡಿ ಕೇಳುವುದೇ ಬಹಳ ಸಲ ಸುಲಭದ ದಾರಿ.

ಕೇಳಿದರೂ ತೆಗೆಯದಿದ್ದರೆ ಕಾನೂನು ಏನೆನ್ನುತ್ತದೆ? ಯೂರೋಪಿನಲ್ಲಿ ಇದಕ್ಕೆ ದಾರಿ ತೋರಿಸಿದವನು ಮಾರಿಯೋ ಕೋಸ್ತೆಹಾ ಎಂಬ ಸ್ಪೇನ್ ದೇಶದವನು. ಸಾಲದ ಬಾಬ್ತು ಆತನ ಆಸ್ತಿಯ ಹರಾಜಿನ ಪ್ರಕಟಣೆ 1998ರಲ್ಲಿ ಪತ್ರಿಕೆಯೊಂದರಲ್ಲಿ ಬಂದಿತ್ತು. ಸಾಲ ತೀರಿ ವರ್ಷಗಳಾದರೂ ಗೂಗಲ್‌ನಲ್ಲಿ ಆತನ ಹೆಸರು ಹುಡುಕಿದರೆ ಅದೇ ಮೇಲೆ ಬರುತ್ತಿತ್ತು. 2014ರ ಮೇ 13ರಂದು ಯೂರೋಪಿನ ನ್ಯಾಯಾಲಯ ಆತನ ಪರ ತೀರ್ಪಿತ್ತಿತು. ಗಮನಿಸಬೇಕಾದದ್ದು, ಪತ್ರಿಕೆಯ ಪುಟ ಅಳಿಯಲಿಲ್ಲ. ಗೂಗಲ್ ತನ್ನ ಕಾರ್ಡನ್ನು ಮಾತ್ರ ತೆಗೆಯಬೇಕಾಯಿತು. ಭಾರತದಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2023ರ ಮಾಹಿತಿ ಸಂರಕ್ಷಣಾ ಕಾಯಿದೆಯಲ್ಲಿ, ತಮ್ಮ ಮಾಹಿತಿಯನ್ನು ಅಳಿಸುವಂತೆ ಕೇಳುವ ಹಕ್ಕನ್ನು ಬರೆಯಲಾಗಿದೆ.

ಪುಟ್ಟಸ್ವಾಮಿ ತೀರ್ಪಿಗೂ ಏಳು ತಿಂಗಳು ಮೊದಲು, 2017ರ ಜನವರಿಯಲ್ಲಿ, ಕರ್ನಾಟಕ ಹೈಕೋರ್ಟಿನ ಮುಂದೆ ಒಬ್ಬ ತಂದೆಯ ಅರ್ಜಿ ಬಂತು. ಮಗಳ ಮದುವೆಗೆ ಸಂಬಂಧಿಸಿದ ಹಳೆಯ ವ್ಯಾಜ್ಯ ರಾಜಿಯಲ್ಲಿ ಮುಗಿದಿತ್ತು, ಆದರೆ ಅಂತರಜಾಲದಲ್ಲಿ ಆಕೆಯ ಹೆಸರು ಹುಡುಕಿದವರಿಗೆ ನ್ಯಾಯಾಲಯದ ಆದೇಶ ಕಾಣಬಹುದೆಂಬುದು ಆತನ ಅಳಲು. ನ್ಯಾಯಾಲಯ ಅದನ್ನು ಮನ್ನಿಸಿತು. ಹುಡುಕಾಟದಲ್ಲಿ ಆಕೆಯ ಹೆಸರು ಬಾರದಂತೆ ನೋಡಿಕೊಳ್ಳಲು ತನ್ನ ಕಚೇರಿಗೆ ಸೂಚಿಸಿತು. ಜೊತೆಗೆ, ಹೈಕೋರ್ಟಿನ ಸ್ವಂತ ತಾಣದಲ್ಲಿ ಏನನ್ನೂ ಬದಲಿಸಬೇಕಾಗಿಲ್ಲ, ಆದೇಶದ ದೃಢೀಕೃತ ಪ್ರತಿ ಕೇಳಿದವರಿಗೆ ಸಿಗುವ ಕಾಗದದಲ್ಲಿ ಹೆಸರು ಇದ್ದೇ ಇರುತ್ತದೆ ಎಂದೂ ಸ್ಪಷ್ಟಪಡಿಸಿತು.