ಖೋಲಿ ಖಾಲಿ, ಓಣಿ ತುಂಬ ಕಸ
ಪರೀಕ್ಷೆ ಮುಗಿಸಿ ಊರಿಗೆ ಹೊರಟವರು ಬಿಟ್ಟು ಹೋಗುವ ಗಾದಿ, ಬಕೀಟು, ವಹಿ

ಸೊಲ್ಲಾಪುರ: ಕೊನೆಯ ಪೇಪರು ಮುಗಿದ ಮರುದಿನವೇ ಕಾಲೇಜುಗಳ ಸುತ್ತಲಿನ ಓಣಿಗಳಲ್ಲಿ ಆಟೊ, ಟೆಂಪೊ ಬಂದು ನಿಲ್ಲುತ್ತವೆ. ಟ್ರಂಕು, ಬ್ಯಾಗು ಏರಿಸಿಕೊಂಡು ಹುಡುಗರು ಊರ ದಾರಿ ಹಿಡಿಯುತ್ತಾರೆ. ಅವರು ಹೋದ ಮೇಲೆ ಓಣಿಯ ಮೂಲೆಯಲ್ಲಿ ಉಳಿಯುವುದು ಹರಿದ ಗಾದಿ, ಹಿಡಿಕೆ ಮುರಿದ ಬಕೀಟು, ಹುಳ ಬಿದ್ದ ಬೇಳೆಯ ಡಬ್ಬಿ, ಒಂಟಿ ಚಪ್ಪಲಿ ಮತ್ತು ಹಳೇ ವಹಿಗಳ ರಾಶಿ.

ಸೊಲ್ಲಾಪುರಕ್ಕೆ 2004ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂತು. ಈಗ ಅದು ಪುಣ್ಯಶ್ಲೋಕ ಅಹಿಲ್ಯಾದೇವಿ ಹೋಳ್ಕರ ಸೊಲ್ಲಾಪುರ ವಿಶ್ವವಿದ್ಯಾಲಯ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಮಂಗಳವೇಢೆಯ ಹಳ್ಳಿಗಳಿಂದಲೂ ಗಡಿಯಾಚೆಯ ಇಂಡಿ, ಅಫಜಲಪುರ, ಆಳಂದದ ಕಡೆಯಿಂದಲೂ ಕನ್ನಡ ಮನೆಗಳ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಹಾಸ್ಟೆಲ್ ಸಿಗದವರು ಇಬ್ಬರು, ಮೂವರು ಕೂಡಿ ಒಂದು ಖೋಲಿ ಹಿಡಿಯುತ್ತಾರೆ. ಹಾಗಾಗಿ ಈ ಕಸ ಪರರದೆಂದು ಹೇಳುವಂತಿಲ್ಲ, ನಮ್ಮ ಮನೆಯದೂ ಹೌದು.

ಕಡೇ ದಿನದ ಅವಸರ

ಹುಡುಗರಿಗೆ ಶಿಸ್ತಿಲ್ಲ ಎಂದು ಬೈದರೆ ಮುಗಿಯುವ ಮಾತಲ್ಲ ಇದು. ಪರೀಕ್ಷೆ ಮುಗಿಯುವ ತನಕ ಸಾಮಾನಿನ ಕಡೆ ನೋಡಲು ಪುರಸೊತ್ತಿರುವುದಿಲ್ಲ. ಮುಗಿದ ಮೇಲೆ ಕೈಯಲ್ಲಿರುವುದು ಒಂದು ರಾತ್ರಿ. ಬಸ್ಸಿನಲ್ಲಿ ಗಾದಿ ಒಯ್ಯಲಾಗದು, ಟೆಂಪೊ ಮಾಡಿದರೆ ಬಾಡಿಗೆಯೇ ಗಾದಿಯ ಕಿಮ್ಮತ್ತನ್ನು ಮೀರುತ್ತದೆ. ಕರೆದೊಯ್ಯಲು ಬಂದ ತಂದೆಯೂ ‘ಬಿಡೋ ತಮ್ಮಾ, ಊರಾಗ ಬಕೀಟಿಗೇನ ಬರ ಐತೇನ?’ ಅಂದುಬಿಡುತ್ತಾರೆ.

ಆದರೆ ಹದಿನೈದು ದಿನ ಮೊದಲು ಅದೇ ಬಕೀಟು ಇನ್ನೊಬ್ಬರಿಗೆ ಬೇಕಾದ ವಸ್ತುವಾಗಿತ್ತು. ಮಳೆಗಾಲದಲ್ಲಿ ಹೊಸ ವರ್ಷದ ಕ್ಲಾಸಿಗೆ ಬರುವ ಹುಡುಗ ಮೊದಲ ದಿನ ಪೇಟೆಗೆ ಹೋಗಿ ಕೊಳ್ಳುವುದು ಇವನ್ನೇ: ಬಕೀಟು, ಮಗ್ಗು, ಗಾದಿ, ಕಸಬರಿಗೆ, ನೀರು ತುಂಬಿಡಲು ಡ್ರಮ್ಮು. ನಳಕ್ಕೆ ದಿನಾ ನೀರು ಬಾರದ ಕಾಲವನ್ನು ಕಂಡ ಈ ಊರಲ್ಲಿ ಡ್ರಮ್ಮಿಗೆ ಯಾವಾಗಲೂ ಬೆಲೆಯಿದೆ. ಒಬ್ಬ ಓಣಿಗೆ ಎಸೆದು ಹೋಗುವುದನ್ನೇ ತಿಂಗಳೆರಡು ತಿಂಗಳಲ್ಲಿ ಇನ್ನೊಬ್ಬ ರೊಕ್ಕ ಕೊಟ್ಟು ತರುತ್ತಾನೆ. ಎರಡೂ ಖರ್ಚು ಹಳ್ಳಿಯ ಮನೆಗಳ ಮೇಲೆಯೇ ಬೀಳುತ್ತದೆ.

ಕೈಗೆ ಚುಚ್ಚುವ ಕಸ

ಇದರ ಭಾರ ಮೊದಲು ಬೀಳುವುದು ಪೌರಕಾರ್ಮಿಕರ ಮೇಲೆ. ದಿನದ ಹಸಿ ಕಸ, ಒಣ ಕಸ ಒಯ್ಯಲು ಬರುವ ಘಂಟಾಗಾಡಿಯಲ್ಲಿ ಗಾದಿ, ಮುರಿದ ಖುರ್ಚಿಗೆ ಜಾಗವಿರುವುದಿಲ್ಲ. ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಕಟ್ಟಿಟ್ಟರೆ ಅದರಲ್ಲಿ ದಾಡಿ ಬ್ಲೇಡು, ಒಡೆದ ಕನ್ನಡಿ, ಟ್ಯೂಬ್‌ಲೈಟ್ ಇರುವುದು ಹೊರಗಿನಿಂದ ಕಾಣುವುದಿಲ್ಲ. ಚೀಲ ಎತ್ತಿದ ಕೈಗೆ ಚುಚ್ಚಿದಾಗಲೇ ಗೊತ್ತಾಗುವುದು. ಟ್ಯೂಬ್‌ಲೈಟ್‌ನಲ್ಲಿ ಪಾದರಸ ಇರುತ್ತದೆ, ಒಡೆದರೆ ಅದು ಗಾಳಿಗೆ ಸೇರುತ್ತದೆ. ಹಳೇ ಮೊಬೈಲಿನ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತುವ ಭಯವಿದೆ.

ಹಸಿ, ಒಣ, ಅಪಾಯಕಾರಿ ಎಂದು ಕಸವನ್ನು ಮನೆಯಲ್ಲೇ ಬೇರೆ ಮಾಡಿ ಕೊಡಬೇಕೆಂದು ಕೇಂದ್ರ ಸರಕಾರ 2016ರ ಘನತ್ಯಾಜ್ಯ ನಿಯಮಗಳಲ್ಲೇ ಹೇಳಿತ್ತು. ಬಾಡಿಗೆಗೆ ಇರುವವರಿಗೆ ಇದರಿಂದ ವಿನಾಯಿತಿ ಇರಲಿಲ್ಲ.

ಗಾಡಿ ಒಯ್ಯಲಿಲ್ಲವೆಂದು ಗಾದಿಗೆ ಬೆಂಕಿ ಹಚ್ಚುವುದು ಇನ್ನೂ ದೊಡ್ಡ ತಪ್ಪು. ಫೋಮು, ಪ್ಲಾಸ್ಟಿಕ್ ಸುಟ್ಟ ಹೊಗೆ ಅದೇ ಓಣಿಯ ಮಕ್ಕಳು, ಮುದುಕರ ಎದೆಗೆ ಹೋಗುತ್ತದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಹೂಡಿದ್ದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ನಿಷೇಧಿಸಿ, ಸಾಮಾನ್ಯವಾಗಿ ಸುಟ್ಟರೆ 5,000 ರೂ., ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂ. ಪರಿಹಾರ ಕಟ್ಟಬೇಕೆಂದು ಆದೇಶಿಸಿತ್ತು.

ಡಿಪಾಜಿಟ್ ಜಗಳ

ಕಸದ ಜಗಳ ಕಡೆಗೆ ಬಂದು ನಿಲ್ಲುವುದು ಡಿಪಾಜಿಟ್ ಮೇಲೆ. ‘ಹುಡುಗ್ರು ಹೋದ್ರು, ಅವರ ಪಸಾರ ನಾವು ಎತ್ತಬೇಕು’ ಎಂಬುದು ಮಾಲಕರ ದೂರು. ‘ಮುರಕ ಕಾಟು ನಾವು ಬರೂಕಿಂತ ಮೊದ್ಲ ಇತ್ತು, ರೊಕ್ಕ ನಮ್ಮದು ಮುರೀತಾರ’ ಎಂಬುದು ಹುಡುಗರ ದೂರು. ಬಾಯಿಮಾತಿನ ವ್ಯವಹಾರದಲ್ಲಿ ಯಾರದು ಖರೆ ಎಂದು ತೀರ್ಮಾನಿಸುವುದು ಕಷ್ಟ.

ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ, 1999ರ 55ನೇ ಕಲಮಿನ ಪ್ರಕಾರ ಬಾಡಿಗೆ ಕರಾರು ಬರವಣಿಗೆಯಲ್ಲಿರಬೇಕು, ನೋಂದಣಿಯೂ ಆಗಬೇಕು. ನೋಂದಣಿಯ ಜವಾಬ್ದಾರಿ ಮಾಲಕರದು. ಖೋಲಿ ಹಿಡಿಯುವ ದಿನವೇ ಒಳಗಿನ ಸಾಮಾನಿನ ಯಾದಿ ಬರೆದು ಇಬ್ಬರೂ ಸಹಿ ಮಾಡಿದರೆ, ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದಿಟ್ಟರೆ, ಬಿಡುವ ದಿನ ಮಾತು ಬೆಳೆಯುವುದಿಲ್ಲ. ಕಸ ಎತ್ತಿಸಲು ಎಷ್ಟು ಮುರಿಯುವುದು ಎಂಬುದೂ ಅದರಲ್ಲೇ ಇರಲಿ.

ರದ್ದಿಗೆ ಹಾಕಬಾರದ ವಹಿ

ಬಿಟ್ಟು ಹೋಗುವ ಸಾಮಾನಿನಲ್ಲಿ ಒಂದಕ್ಕೆ ಮಾತ್ರ ಪೇಟೆಯಲ್ಲಿ ಬದಲಿ ಸಿಗುವುದಿಲ್ಲ. ಅಕ್ಕಲಕೋಟ, ಜತ್ತ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತನಕ ಓದಿದ ಹುಡುಗಿ ಮುಂದೆ ಮರಾಠಿ, ಇಂಗ್ಲಿಷಿನಲ್ಲಿ ಪಾಠ ಕೇಳಬೇಕಾಗುತ್ತದೆ. ಮೊದಲ ವರ್ಷ ಪ್ರತಿ ಹೊಸ ಶಬ್ದದ ಪಕ್ಕ ಕನ್ನಡದಲ್ಲಿ ಅರ್ಥ ಬರೆದುಕೊಂಡೇ ಓದು ಸಾಗುವುದು. ಅಕೌಂಟ್ಸಿನ ‘ಜಮಾ’, ‘ನಾವೆ’ ಯಾವ ಬದಿಗೆ ಎಂಬುದನ್ನೂ ಹಾಗೇ ತಿಳಿದುಕೊಂಡಿರುತ್ತಾಳೆ. ಅಂಥ ಗೈಡು ಯಾವ ಅಂಗಡಿಯಲ್ಲೂ ಸಿಗದು. ಕಡೇ ರಾತ್ರಿ ಆ ವಹಿಗಳು ಕಿಲೋ ಲೆಕ್ಕದಲ್ಲಿ ರದ್ದಿಗೆ ಹೋಗುತ್ತವೆ, ಇಲ್ಲವೇ ಓಣಿಯಲ್ಲಿ ಮಳೆಗೆ ನೆನೆಯುತ್ತವೆ. ಮುಂದಿನ ವರ್ಷ ಅದೇ ಶಾಲೆಯಿಂದ ಬಂದ ಹುಡುಗಿ ಮತ್ತೆ ಮೊದಲ ಶಬ್ದದಿಂದ ಶುರು ಮಾಡುತ್ತಾಳೆ.

ಆ ವಹಿಗಳನ್ನು ಊರಿಗೆ ಒಯ್ದು ಹಳೇ ಶಾಲೆಯ ಮಾಸ್ತರರ ಕೈಗೆ ಕೊಟ್ಟರೆ ಸಾಕು. ಯಾರಿಗೆ ಬೇಕೋ ಅವರಿಗೆ ತಲುಪುತ್ತವೆ.

ಖೋಲಿ ಬಿಡುವ ಮುನ್ನ

ಉಳಿದ ಸಾಮಾನಿಗೂ ದಾರಿಗಳಿವೆ. ಅರಳೆಯ ಗಾದಿಯನ್ನು ಮತ್ತೆ ಹಿಂಜಿಸಬಹುದು, ಗಾದಿ ಅಂಗಡಿಯವರನ್ನು ಕೇಳಬೇಕು. ಹಳೇ ಬಟ್ಟೆಯನ್ನು ಸ್ಟೀಲ್ ಪಾತ್ರೆಗೆ ಬದಲಿ ಒಯ್ಯುವ ಬೋಹಾರಣಿಯರಿಗೆ ಕೊಡಬಹುದು, ಊರಿಗೆ ಒಯ್ದರೆ ಅವ್ವನ ಕೌದಿಗೆ ಆಗುತ್ತದೆ. ಕಬ್ಬಿಣ, ಪ್ಲಾಸ್ಟಿಕ್ ಭಂಗಾರದವರಿಗೆ ಹೋಗಲಿ. ಮಿಕ್ಕ ಅಕ್ಕಿ, ಬೇಳೆ ಕೆಡುವ ಮೊದಲೇ ನೆರೆಮನೆಗೆ ಸೇರಲಿ. ಬ್ಲೇಡು, ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ಬರೆದು ಬೇರೆಯಾಗಿ ಕೊಡಬೇಕು. ದೊಡ್ಡ ಸಾಮಾನು ಇದ್ದರೆ ಮಹಾನಗರಪಾಲಿಕೆಯ ವಿಭಾಗೀಯ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

ಮಾಲಕರೂ ಜಿನೆಯ ಕೆಳಗೆ ಒಂದು ಮೂಲೆ ಬಿಟ್ಟುಕೊಟ್ಟರೆ ಈ ವರ್ಷದವರ ಬಕೀಟು, ಡ್ರಮ್ಮು ಮುಂದಿನ ವರ್ಷದವರಿಗೆ ಅಲ್ಲೇ ಸಿಗುತ್ತವೆ. ಇವೆಲ್ಲಕ್ಕೂ ಬೇಕಾದದ್ದು ಹದಿನೈದು ದಿನದ ಮುನ್ಸೂಚನೆ ಅಷ್ಟೇ. ಮಗನಿಗೆ ಫೋನು ಮಾಡಿ ‘ಪೇಪರ್ ಹೆಂಗಾತು?’ ಎಂದು ಕೇಳುವ ತಂದೆ ತಾಯಿ ‘ಖೋಲಿ ಸಾಮಾನ ಏನ್ ಮಾಡ್ದಿ?’ ಎಂದೂ ಕೇಳಿದರೆ ಅರ್ಧ ಕೆಲಸ ಆದಂತೆ.